ಉತಾರ, ಹಾರ್ಡ್ ಡಿಸ್ಕ್ ಮತ್ತು 137 ಜಿಬಿ ಗಡಿ

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಅಲ್ಲಿನ ಬಸದಿ, ಗುಡಿಗಳ ಶಾಸನಗಳಲ್ಲಿ ಭೂದಾನದ ಲೆಕ್ಕವಿದೆ. ಕಲ್ಲು ಉಳಿದಿದೆ, ಆದರೆ ಓದಲು ಹಳೆ ಲಿಪಿ ಬಲ್ಲವರು ಬೇಕು. ಹಾರ್ಡ್ ಡಿಸ್ಕಿನ ಕಥೆಯೂ ಹೀಗೇ ಇದೆ.

ನಮ್ಮ ಭಾಗದಲ್ಲಿ ತಲಾಟಿಯವರ ಕೈಬರಹದ ಉತಾರ ಹೋಗಿ ಕಂಪ್ಯೂಟರ್ ಉತಾರ ಬಂದದ್ದು 'ಭೂಮಿ' ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಅದು ರಾಜ್ಯದ ತಾಲೂಕು ಕಚೇರಿಗಳಿಗೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಡಿಸ್ಕ್ ಸೇರಿದವು. ಒಂದು ಪ್ರತಿಗೆ 15 ರೂಪಾಯಿ ಇತ್ತು. ಗದಗ, ಮುಂಡರಗಿ, ಶಿರಹಟ್ಟಿ ಆಗಲೇ ತಾಲೂಕುಗಳು. ಲಕ್ಷ್ಮೇಶ್ವರ ಇನ್ನೂ ಶಿರಹಟ್ಟಿ ತಾಲೂಕಿನಲ್ಲಿತ್ತು.

ಅದೇ ವರ್ಷಗಳಲ್ಲಿ ಡಿಸ್ಕಿನ ಗಾತ್ರ ಬೇಗ ಬೇಗ ಬೆಳೆಯಿತು. ಕಂಪ್ಯೂಟರ್ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್. ಡಿಸ್ಕ್ ಎಷ್ಟು ದೊಡ್ಡದು ಎಂದು ಕೇಳುವುದು ಅದೇ. ಹಳೆ ಬಯಾಸ್ 528 ಎಂಬಿ ದಾಟುತ್ತಿರಲಿಲ್ಲ. ಆಮೇಲೆ 8.4 ಜಿಬಿ ಗಡಿ ಬಂತು. ಕೆಲವು ಬಯಾಸ್‌ಗಳು 33.8 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಅಲ್ಲೇ ನಿಂತುಬಿಡುತ್ತಿದ್ದವು. ಅದಕ್ಕಾಗಿ ಡಿಸ್ಕಿನ ಹಿಂದೆ ಸಣ್ಣ ಜಂಪರ್ ಹಾಕಿ, ಗಾತ್ರ ಕಡಿಮೆ ಎಂದು ಅದರಿಂದಲೇ ಹೇಳಿಸುತ್ತಿದ್ದರು.

ಮುಂದಿನ ಗಡಿ 137 ಜಿಬಿ. ಡಿಸ್ಕಿನ ಪ್ರತಿ ತುಣುಕಿಗೂ ಒಂದು ನಂಬರ್ ಇರುತ್ತದೆ. ಹಳೆ ಪದ್ಧತಿಯಲ್ಲಿ ಆ ನಂಬರಿಗೆ 28 ಬಿಟ್ ಜಾಗ ಮಾತ್ರ. 2002ರ ಹೊಸ ಮಾನದಂಡ ಅದನ್ನು 48 ಬಿಟ್ ಮಾಡಿತು.

ಇದರಲ್ಲಿ ಅಪಾಯವೇನು? ಖಾತೆ ಪುಸ್ತಕದಲ್ಲಿ ಮೂರೇ ಅಂಕಿಗೆ ಜಾಗವಿದೆ ಎಂದುಕೊಳ್ಳಿ. ಸರ್ವೆ ನಂಬರ್ 1001 ಬರೆಯಲು ಹೋದರೆ 001 ಆಗುತ್ತದೆ, ಅದು ಬೇರೆಯವರ ಹೊಲ. 48 ಬಿಟ್ ಅರಿಯದ ವ್ಯವಸ್ಥೆ ದೊಡ್ಡ ಡಿಸ್ಕಿಗೆ ಬರೆದರೂ ಹೀಗೇ ಆಗಬಹುದು: ಕೊನೆಗೆ ಹೋಗಬೇಕಾದ ಮಾಹಿತಿ ಮೊದಲಿನ ಕಡತಗಳ ಮೇಲೆ ಬೀಳುತ್ತದೆ.

ತಪಾಸಣೆಯ ಸಾಫ್ಟ್‌ವೇರ್ ಹೇಳಿದ್ದನ್ನೂ ಪೂರ್ತಿ ನಂಬುವಂತಿಲ್ಲ. ಡಿಸ್ಕ್ ತನ್ನ ಆರೋಗ್ಯವನ್ನು 'ಸ್ಮಾರ್ಟ್' ಎಂಬ ಪಟ್ಟಿಯಲ್ಲಿ ಬರೆದಿಡುತ್ತದೆ. ಯುಎಸ್‌ಬಿ ಡಬ್ಬಿಯಲ್ಲಿ ಹಾಕಿದಾಗ ಎಷ್ಟೋ ಸಲ ಆ ಪಟ್ಟಿ ಹೊರಗೆ ಕಾಣುವುದೇ ಇಲ್ಲ. ಡಿಸ್ಕ್ ಚೆನ್ನಾಗಿದ್ದರೂ ಸಾಫ್ಟ್‌ವೇರ್ ಗುರುತು ಹಿಡಿಯುವುದಿಲ್ಲ.

ಸಾಲೆ, ಸೊಸೈಟಿ, ಫೋಟೋ ಸ್ಟುಡಿಯೋಗಳ ಮೂಲೆಯಲ್ಲಿ ಇಂಥ ಹಳೆ ಡಿಸ್ಕುಗಳು ಇನ್ನೂ ಇರಬಹುದು. ಅವುಗಳಲ್ಲಿ ಊರಿನ ಲೆಕ್ಕ, ಮದುವೆ ಫೋಟೋ, ಹಿರಿಯರ ಮುಖಗಳಿವೆ. ಗಾತ್ರ ತಪ್ಪಾಗಿ ಕಂಡರೆ, ಅಥವಾ ಡಿಸ್ಕ್ ಕಾಣದೇ ಹೋದರೆ, 'ಫಾರ್ಮ್ಯಾಟ್ ಮಾಡಲೇ?' ಎಂಬ ಪ್ರಶ್ನೆಗೆ ಬೇಡ ಅನ್ನಿ. ಅದರ ಮೇಲೆ ಏನೂ ಬರೆಯದೆ, ಮೊದಲು ಇನ್ನೊಂದು ಹೊಸ ಕಂಪ್ಯೂಟರಿಗೆ ಜೋಡಿಸಿ ನೋಡಿ. ತೆರೆದುಕೊಂಡರೆ ಅಂದೇ ಬೇರೆ ಕಡೆಗೆ ನಕಲು ಮಾಡಿಟ್ಟುಕೊಳ್ಳಿ.