ಭಾವದ ಏರಿಕೆಯ ಶಬ್ದಗಳು: ಗೋಕಾವಿ ಸೀಮೆಯ ನುಡಿಯ ಒಂದು ವಿಚಾರ

ಮನಸ್ಸು ಮೇರೆ ಮೀರಿದಾಗ ಅದನ್ನು ಒಂದೇ ಶಬ್ದದಿಂದ ಹೇಳಿ ಮುಗಿಸುವದು ನಮ್ಮ ಹಿರಿಯರ ರೀತಿಯಾಗಿರಲಿಲ್ಲ. ಈಗಲಾದರೋ ಹರ್ಷಕ್ಕೂ ಭಯಕ್ಕೂ ಭಕ್ತಿಗೂ 'ಭಾವೋದ್ವೇಗ'ವೆಂಬ ಒಂದೇ ಮಾತನ್ನು ಬಳಸುವ ರೂಢಿಯು ಕಾಣುತ್ತಿರುವದರಿಂದ, ಈ ಶಬ್ದಗಳ ಪೂರ್ವವೃತ್ತಾಂತವನ್ನು ಸದ್ಭಕ್ತರ ಮುಂದಿಡುವದು ಉಚಿತವೆನಿಸುತ್ತದೆ.

ಸಂಸ್ಕೃತದ 'ಉದ್ವೇಗ'ದ ಮೂಲದಲ್ಲಿ ನಡುಗುವ ಅರ್ಥವಿದೆ. ಅದು ನೆಮ್ಮದಿಗೆಟ್ಟ ಮನಸ್ಸು. 'ಉದ್ರೇಕ'ವೆಂದರೆ ತುಂಬಿ ಮಿಕ್ಕುವದು. 'ಆವೇಶ'ವೆಂದರೆ ಹೊರಗಿನದೊಂದು ಒಳಹೊಗುವದು. 'ಉತ್ಸಾಹ'ವು ತಾಳಿಕೊಂಡು ಮುನ್ನಡೆಯುವ ಬಲ. ಭರತನು ಅದನ್ನೇ ವೀರರಸದ ಸ್ಥಾಯಿಯನ್ನಾಗಿ ಹೇಳಿದನು. ಇನ್ನು ಅಚ್ಚಗನ್ನಡದಲ್ಲಿ 'ಹಿಗ್ಗು' ಸಂತೋಷದಿಂದ ಅರಳುವದು. 'ತಳಮಳ' ಎಸರಿನಂತೆ ಒಳಗೇ ಕುದಿಯುವದು. 'ಉಮ್ಮಳ' ದುಃಖವು ಕೊರಳಿಗೆ ಬಂದು ನಿಲ್ಲುವದು.

ಇಂಥ ಶಬ್ದಗಳನ್ನು ಕೂಡಿಡುವ ಕಾರ್ಯವು ೧೦ನೆಯ ಶತಮಾನದ ರನ್ನಕಂದದಿಂದ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದ ವರೆಗೆ, ಅಲ್ಲಿಂದ ೧೯೭೦ ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಾಗಿ ಹೊರಬಂದ ಸಾಹಿತ್ಯ ಪರಿಷತ್ತಿನ ನಿಘಂಟಿನ ವರೆಗೆ ನಡೆದುಬಂದಿದೆ. ಕೋಶವು ಶಬ್ದವನ್ನು ಕಾಯುತ್ತದೆ. ಅದರ ಛಾಯೆಯನ್ನು ಕಾಯ್ದವರು ಆಡುವ ಜನರು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆಯಲ್ಲಿ ಅದಕ್ಕೆ ಸಾಕ್ಷಿಗಳುಂಟು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದ, ಕೌಜಲಗಿಯ ನಿಂಗವ್ವನವರಿಗೆ ನಾಡಿನಲ್ಲೆಲ್ಲ ಕೀರ್ತಿ ತಂದ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆಗೆ ಬಂದದ್ದು 'ಮುನಿಸು'. ಕೋಪವು ಹಗೆಯಿಂದಲೂ ಹುಟ್ಟೀತು. ಮುನಿಸು ಹುಟ್ಟುವದಕ್ಕೆ ಒಲವೇ ಬೇಕು. ಅದರಂತೆಯೇ ವೀರಭದ್ರನ ಒಡಪು ಹೇಳುವ ಪುರವಂತರ ಸ್ಥಿತಿಯನ್ನು ಜನರು 'ಮೈದುಂಬಿತು' ಅನ್ನುವರು. ಒಳಹೊಗುವ 'ಆವೇಶ'ಕ್ಕೆ ಇದಕ್ಕಿಂತ ಸರಿಯಾದ ಕನ್ನಡವು ದೊರೆಯಲಾರದು.

ಶರಣಪರಂಪರೆಯು ಇನ್ನೂ ಮುಂದೆ ಹೋಗಿ, ಭಕ್ತಿಯ ಏರಿಕೆಯನ್ನು ಷಟ್‌ಸ್ಥಲಗಳಿಗೆ ಅನುಗುಣವಾಗಿ ಆರು ಹೆಸರುಗಳಿಂದ ಅಳೆಯಿತು: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾದ ಮೇಲೆ ಇಂಥ ಪರಿಭಾಷೆಯು ಸಾಮಾನ್ಯ ವಾಚಕರಿಗೂ ಸುಲಭವಾಯಿತು. ಈ ಆರರಲ್ಲಿ ಆವೇಶವು ಇಲ್ಲ. ಆನಂದಕ್ಕಿಂತ ಮೊದಲು ಎಚ್ಚರವೇ ಆದ ಅವಧಾನವಿದೆ. ಆನಂದದ ಮೇಲೆ, ತೆರೆಯಡಗಿದ ಕಡಲಿನಂತೆ, ಸಮರಸವಿದೆ.

ಆದುದರಿಂದ ಶಬ್ದಭೇದವು ಪಂಡಿತರ ವಿನೋದ ಮಾತ್ರವೆಂದು ಬಗೆಯಬಾರದು. ಆವೇಶವನ್ನೇ ಆನಂದವೆಂದು ಕರೆಯುವವನು ಮೂರನೆಯ ಮೆಟ್ಟಲನ್ನು ಏರದೆಯೇ ಶಿಖರವನ್ನು ಮುಟ್ಟಿದೆನೆಂದು ನಂಬುವನು. ಮಕ್ಕಳಿಗೆ ಈ ಶಬ್ದಗಳನ್ನು ಅವುಗಳ ಛಾಯೆಗಳೊಡನೆ ಒಪ್ಪಿಸಿದರೆ, ತಮ್ಮ ಮನಸ್ಸನ್ನು ತಾವೇ ಅರಿಯುವ ಸಾಧನವನ್ನು ಅವರ ಕೈಗೆ ಕೊಟ್ಟಂತಾಗುವದು.