ಶಿಶುಪೋಷಣ ಧರ್ಮವೂ ರಾಜಶಾಸನವೂ

ತಂದೆಯಾದವನು ತನ್ನ ಶಿಶುವನ್ನು ಪೋಷಿಸತಕ್ಕದ್ದೆಂಬ ವಿಧಿಯು ಕನ್ನಡನಾಡಿಗೆ ಹೊಸತಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ವೃದ್ಧರಾದ ತಾಯಿತಂದೆಗಳು, ಸಾಧ್ವಿಯಾದ ಹೆಂಡತಿ, ಎಳೆಯ ಮಗು, ಇವರನ್ನು ಎಂತಾದರೂ ಸಾಕಲೇಬೇಕೆಂಬುದು ಧರ್ಮಶಾಸ್ತ್ರಕಾರರ ಮತ. ಆದರೆ ಧರ್ಮವನ್ನು ಮೀರಿದವನ ಮಗುವಿಗೆ ವಿಧಿವಾಕ್ಯದಿಂದ ಹೊಟ್ಟೆ ತುಂಬದು. ವಸೂಲುಮಾಡಿ ಕೊಡಿಸುವ ಅಧಿಕಾರವೂ ಬೇಕು.

ಬ್ರಿಟಿಷ್ ಭಾರತದ ದಂಡಪ್ರಕ್ರಿಯಾ ಸಂಹಿತೆಯು ಅಂತಹ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. 1898ರ ಸಂಹಿತೆಯ 488ನೆಯ ಕಲಮಿನಂತೆ, ಶಕ್ತಿಯಿದ್ದೂ ಹೆಂಡತಿಮಕ್ಕಳನ್ನು ಉಪೇಕ್ಷಿಸಿದವನು ತಿಂಗಳಿಗೆ 50 ರೂಪಾಯಿಗಳವರೆಗೆ ಜೀವನಾಂಶ ತೆರಬೇಕಾಗಿತ್ತು. ಮತಭೇದವಾಗಲಿ, ಮಗುವು ವಿವಾಹದಿಂದ ಹುಟ್ಟಿದುದೋ ಅಲ್ಲವೋ ಎಂಬ ಭೇದವಾಗಲಿ ಇದಕ್ಕೆ ಅಡ್ಡಿಯಾಗಲಿಲ್ಲ. ಈ ಮಿತಿಯು 1923ರಲ್ಲಿ 100, 1955ರಲ್ಲಿ 500 ರೂಪಾಯಿಗಳಾಯಿತು. 1951ರಲ್ಲಿ ಸಂಹಿತೆಯು ಮೈಸೂರು ರಾಜ್ಯಕ್ಕೂ ಅನ್ವಯಿಸಿದುದರಿಂದ, ಅಂದು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿಗಳೂ, ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯೂ, ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರೂ ಅದರ ವ್ಯಾಪ್ತಿಗೆ ಬಂದವು.

1973ರ ಹೊಸ ಸಂಹಿತೆಯ 125ನೆಯ ಕಲಮು 500ರ ಮಿತಿಯನ್ನೇ ಉಳಿಸಿಕೊಂಡಿತು. ಧಾನ್ಯದ ಬೆಲೆ ಏರುತ್ತ ಹೋದರೂ ಮಗುವಿನ ಪಾಲು ಏರಲಿಲ್ಲ. ನಲವತ್ತಾರು ವರ್ಷಗಳ ಬಳಿಕ, 2001ರಲ್ಲಿ, ಮಿತಿಯು ರದ್ದಾಯಿತು. ವ್ಯಾಜ್ಯ ಮುಗಿಯುವ ಮುನ್ನವೇ ಮಧ್ಯಂತರ ಜೀವನಾಂಶ ಕೊಡಿಸುವ ಏರ್ಪಾಡೂ ಆಯಿತು. ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. 2024ರ ಜುಲೈ 1ರಿಂದ ಈ ವಿಧಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ.

ಹಕ್ಕಿದ್ದರೂ ವಕೀಲರಿಗೆ ಕೊಡಲು ಹಣವಿಲ್ಲದ ತಾಯಂದಿರು ಬಹುಮಂದಿ. 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಅಧಿನಿಯಮವು ಸ್ತ್ರೀಯರಿಗೂ ಮಕ್ಕಳಿಗೂ, ಅವರ ವರಮಾನವನ್ನು ಎಣಿಸದೆ, ಉಚಿತ ವಕೀಲರ ನೆರವನ್ನು ವಿಧಿಸಿತು. ತಾಲ್ಲೂಕು ಕಾನೂನು ಸೇವಾ ಸಮಿತಿಯು ಅದಕ್ಕಾಗಿಯೇ ಇರುವುದು. ಮನೆಯಲ್ಲಿ ದೌರ್ಜನ್ಯವೂ ಸೇರಿದ್ದಲ್ಲಿ, 2005ರ ಅಧಿನಿಯಮದಂತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿ ನೆರವಾಗುವರು.

ದುಡಿಮೆಗೆಂದು ದೂರ ಹೋದ ಗಂಡನು ಹಣ ಕಳುಹಿಸದಿದ್ದರೆ, ಜಗಳೂರಿನ ತಾಯಿಯು ಅವನಿರುವ ಊರಿಗೆ ಅಲೆಯಬೇಕಾಗಿಲ್ಲ. ತಾನಿರುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಆಜ್ಞೆಯಾದ ಮೇಲೂ ಕೊಡದವನಿಗೆ, ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆವಾಸವುಂಟು. ಆದರೆ ಬಾಕಿಯ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ತಡೆದರೆ ಆ ಬಾಕಿಗೆ ವಾರಂಟು ಹೊರಡದು. ಈ ಗಡುವನ್ನು ಅರಿಯದೆ ಮಗುವಿನ ಅನ್ನ ಕಳೆದುಹೋಗದಂತೆ, ಅಕ್ಷರಬಲ್ಲ ಮನೆಗಳವರು ನೆರೆಯ ತಾಯಂದಿರಿಗೆ ಇದನ್ನು ತಿಳಿಸತಕ್ಕದ್ದು.