ಚಿತ್ರ ಚಿಕ್ಕದು, ಕಚ್ಚಾ ಹಾಳೆ ದೊಡ್ಡದು

ಅಜ್ಜನದೆಂದು ಮನೆಯಲ್ಲಿ ಉಳಿದಿರುವುದು ಒಂದೇ ಭಾವಚಿತ್ರ. ಅಂಚು ಹರಿದಿದೆ, ಒಂದು ಮೂಲೆಯನ್ನು ಗೆದ್ದಲು ತಿಂದಿದೆ, ಮುಖದ ಮೇಲೆ ಬಿಳಿ ಗೆರೆ. ತಿಥಿಯೊಳಗೆ ಅದನ್ನು ಸರಿಪಡಿಸಿ ಕಟ್ಟು ಹಾಕಿಸಬೇಕೆಂದು ಮನೆಯವರು ಸ್ಟುಡಿಯೋಗೆ ತಂದುಕೊಡುತ್ತಾರೆ. ಸ್ಟುಡಿಯೋದ ಹುಡುಗ ಅದನ್ನು ಸ್ಕ್ಯಾನ್ ಮಾಡಿ, ಎರಡು ದಿನ ಕಂಪ್ಯೂಟರಿನ ಮುಂದೆ ಕುಳಿತು, ಕಣ್ಣು, ಹುಬ್ಬು, ಪೇಟದ ಅಂಚನ್ನೆಲ್ಲ ಚುಕ್ಕಿ ಚುಕ್ಕಿಯಾಗಿ ತಿದ್ದುತ್ತಾನೆ. ಎಲ್ಲ ಮುಗಿಯಿತು ಎನ್ನುವಾಗ ಪರದೆಯ ಮೇಲೆ ಒಂದು ಸಂದೇಶ ಮೂಡುತ್ತದೆ: ಸ್ಕ್ರ್ಯಾಚ್ ಡಿಸ್ಕ್ ತುಂಬಿರುವುದರಿಂದ ನೀವು ಕೇಳಿದ ಕೆಲಸ ಮಾಡಲಾಗುತ್ತಿಲ್ಲ.

ಹುಡುಗ ತಬ್ಬಿಬ್ಬಾಗುತ್ತಾನೆ. ಚಿತ್ರದ ಕಡತ ಇರುವುದೇ ಕೆಲವು ಎಂಬಿ. ಹಾರ್ಡ್ ಡಿಸ್ಕಿನಲ್ಲಿ ಅದರ ನೂರು ಪಟ್ಟು ಜಾಗ ಖಾಲಿ ಕಾಣುತ್ತಿದೆ. ಆದರೂ ತುಂಬಿದ್ದೇನು? ಗಾಬರಿಯಲ್ಲಿ ಕೈಗೆ ಸಿಕ್ಕ ಕಡತಗಳನ್ನು ಅಳಿಸಲು ಹೊರಡುತ್ತಾನೆ. ಅವುಗಳಲ್ಲಿ ಇನ್ನೊಂದು ಮನೆಯವರ ಮದುವೆಯ ಚಿತ್ರಗಳೂ ಇರಬಹುದು. ಈ ಅನಾಹುತ ತಪ್ಪಬೇಕಾದರೆ 'ಸ್ಕ್ರ್ಯಾಚ್ ಡಿಸ್ಕ್' ಎಂದರೇನು, ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕು.

ಮ್ಯಾಂಚೆಸ್ಟರಿನ ಯುಕ್ತಿ

ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಕಚ್ಚಾ ಲೆಕ್ಕ ಮಾಡುತ್ತೇವಲ್ಲ, ಇಂಗ್ಲಿಷಿನ 'ಸ್ಕ್ರ್ಯಾಚ್' ಎಂಬ ಮಾತಿಗೆ ಇಲ್ಲಿ ಆ ಅರ್ಥ. ಉತ್ತರ ಒಂದೇ ಸಾಲಿನದಾದರೂ ಅದನ್ನು ತಲುಪಲು ಮಾಡಿದ ಕೂಡು-ಕಳೆ ಇಡೀ ಪುಟ ತುಂಬಬಹುದು. ಮಾಡಿ ಮುಗಿದ ಮೇಲೆ ಅದು ಯಾರಿಗೂ ಬೇಡ. ಆದರೆ ಮಾಡುವಾಗ ಜಾಗ ಬೇಕೇ ಬೇಕು. ಕಂಪ್ಯೂಟರುಗಳು ಮಾಹಿತಿಯನ್ನು ಟೇಪಿನಲ್ಲಿ ಇಡುತ್ತಿದ್ದ ಕಾಲದಲ್ಲಿ, ಅಳಿಸಿ ಮತ್ತೆ ಬರೆಯಬಹುದಾದ ಟೇಪುಗಳನ್ನು 'ಸ್ಕ್ರ್ಯಾಚ್ ಟೇಪ್' ಎನ್ನುತ್ತಿದ್ದರು.

ಲೆಕ್ಕ ಮಾಡುವಾಗ ಕಂಪ್ಯೂಟರಿಗೆ ಬೇಕಾದುದು ಅತಿ ವೇಗದ ಸ್ಮೃತಿ. ಇಂದು ಅದನ್ನು ನಾವು ರ‍್ಯಾಮ್ ಎನ್ನುತ್ತೇವೆ. ವೇಗದ ಸ್ಮೃತಿ ಯಾವತ್ತೂ ದುಬಾರಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಫೆರಾಂಟಿ ಕಂಪನಿಯೊಡನೆ ಕೂಡಿ ಕಟ್ಟಿದ 'ಅಟ್ಲಾಸ್' ಯಂತ್ರ 1962ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ವೇಗದ ಸ್ಮೃತಿಯಲ್ಲಿ ಜಾಗವಿದ್ದುದು 16,384 'ಪದ'ಗಳಿಗೆ ಮಾತ್ರ. ನಿಧಾನವಾದ ಕಾಂತೀಯ ಡ್ರಮ್ಮಿನಲ್ಲಿ ಅದರ ಆರು ಪಟ್ಟು, ಅಂದರೆ 98,304 ಪದಗಳಿಗೆ ಜಾಗವಿತ್ತು. ತಂಡ ಹೂಡಿದ ಉಪಾಯವಿಷ್ಟೆ: ಸದ್ಯಕ್ಕೆ ಬೇಕಾದುದು ವೇಗದ ಸ್ಮೃತಿಯಲ್ಲಿರಲಿ, ಬೇಡವಾದುದು ಡ್ರಮ್ಮಿಗೆ ಹೋಗಲಿ, ಬೇಕಾದಾಗ ತಾನಾಗಿಯೇ ಮರಳಿ ಬರಲಿ. ಯಂತ್ರಕ್ಕೆ ಕೆಲಸ ಒಪ್ಪಿಸುವವರಿಗೆ ಎರಡೂ ಸೇರಿ ಒಂದೇ ದೊಡ್ಡ ಸ್ಮೃತಿಯೆಂಬಂತೆ ಕಾಣುತ್ತಿತ್ತು. ಮುಂದೆ 'ವರ್ಚುವಲ್ ಮೆಮೊರಿ' ಎಂದು ಹೆಸರಾದದ್ದು ಇದೇ.

ಅಣ್ಣತಮ್ಮಂದಿರ ತಂತ್ರಾಂಶ

ಈ ಯುಕ್ತಿ ಫೋಟೊ ತಿದ್ದುವವರ ಮೇಜಿಗೆ ಬಂದದ್ದು ಅಮೆರಿಕದ ಇಬ್ಬರು ಅಣ್ಣತಮ್ಮಂದಿರಿಂದ. ಅಣ್ಣ ಥಾಮಸ್ ನಾಲ್ 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಅವರ ಬಳಿ ಇದ್ದ ಮ್ಯಾಕಿಂತೋಷ್ ಪ್ಲಸ್ ಕಂಪ್ಯೂಟರಿನ ಪರದೆಗೆ ಕಪ್ಪು ಮತ್ತು ಬಿಳಿ ಬಿಟ್ಟರೆ ನಡುವಣ ಬೂದು ಛಾಯೆಗಳು ತಿಳಿಯುತ್ತಿರಲಿಲ್ಲ. ಆ ಛಾಯೆಗಳನ್ನು ತೋರಿಸಲೆಂದೇ ಅವರು ಒಂದು ಪ್ರೋಗ್ರಾಮ್ ಬರೆದರು. ತಮ್ಮ ಜಾನ್ ನಾಲ್ ಸಿನಿಮಾ ತಂತ್ರಗಳಿಗೆ ಹೆಸರಾದ ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಸಂಸ್ಥೆಯಲ್ಲಿದ್ದರು. ಇಬ್ಬರೂ ಸೇರಿ ಅದನ್ನು ಬೆಳೆಸಿದರು. ಅಡೋಬಿ ಕಂಪನಿ 1990ರ ಫೆಬ್ರುವರಿಯಲ್ಲಿ ಅದನ್ನು 'ಫೋಟೋಶಾಪ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಆಗಿನ ಕಂಪ್ಯೂಟರುಗಳಲ್ಲಿ ರ‍್ಯಾಮ್ ಇದ್ದುದು ಒಂದೆರಡು ಎಂಬಿ. ಚಿತ್ರಗಳೋ ಅದಕ್ಕಿಂತ ದೊಡ್ಡವು. ಮ್ಯಾಕಿಂತೋಷ್‌ನ ಕಾರ್ಯವ್ಯವಸ್ಥೆಗೆ ವರ್ಚುವಲ್ ಮೆಮೊರಿ ಬಂದದ್ದು 1991ರಲ್ಲಿ, ಏಳನೆಯ ಆವೃತ್ತಿಯೊಂದಿಗೆ. ಹಾಗಾಗಿ ಫೋಟೋಶಾಪ್ ತನ್ನದೇ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. ಅದು ಚಿತ್ರವನ್ನು ನೆಲದ ಹಾಸುಬಿಲ್ಲೆಗಳಂತೆ ಚೌಕ ಚೌಕವಾಗಿ ವಿಂಗಡಿಸಿ, ಕೆಲಸಕ್ಕೆ ಬೇಕಾದ ಚೌಕಗಳನ್ನು ರ‍್ಯಾಮ್‌ನಲ್ಲಿಟ್ಟು ಉಳಿದವನ್ನು ಡಿಸ್ಕಿಗೆ ಕಳಿಸುತ್ತದೆ. ಆ ಚೌಕಗಳು ಕೂರುವ ಜಾಗವೇ ಸ್ಕ್ರ್ಯಾಚ್ ಡಿಸ್ಕ್.

ಮುಂದೆ ಸೌಕರ್ಯ ಹೆಚ್ಚಿದಂತೆಲ್ಲ ಈ ಕಚ್ಚಾ ಹಾಳೆಯೂ ಬೆಳೆಯಿತು. 1994ರ ಮೂರನೆಯ ಆವೃತ್ತಿಯಲ್ಲಿ 'ಲೇಯರ್', ಅಂದರೆ ಒಂದರ ಮೇಲೊಂದು ಪದರ ಇಡುವ ಅನುಕೂಲ ಬಂತು. ಅಲ್ಲಿಯವರೆಗೆ, ಅದಾದ ಮೇಲೂ ನಾಲ್ಕು ವರ್ಷ, ತಪ್ಪಾದರೆ ಒಂದೇ ಒಂದು ಹೆಜ್ಜೆ ಹಿಂದೆ ಹೋಗಬಹುದಿತ್ತು. 1998ರ ಐದನೆಯ ಆವೃತ್ತಿಯ 'ಹಿಸ್ಟರಿ' ಸೌಲಭ್ಯದಿಂದ ಹಲವು ಹೆಜ್ಜೆ ಹಿಂದೆ ಸರಿಯುವುದು ಸಾಧ್ಯವಾಯಿತು. ಹಿಂದೆ ಹೋಗಬೇಕೆಂದರೆ ಹಿಂದಿನದನ್ನು ಎಲ್ಲಾದರೂ ಇಟ್ಟಿರಬೇಕಷ್ಟೆ.

ಲೆಕ್ಕ ಹಾಕಿ ನೋಡೋಣ

6 ಇಂಚು ಅಗಲ, 4 ಇಂಚು ಎತ್ತರದ ಹಳೆಯ ಫೋಟೊವನ್ನು ಇಂಚಿಗೆ 1200 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 7200 × 4800, ಅಂದರೆ ಸುಮಾರು 3.45 ಕೋಟಿ ಪಿಕ್ಸೆಲ್. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್ ಎಂದರೂ 104 ಎಂಬಿ. ಜೆಪೆಗ್ ಕಡತ ಕೆಲವೇ ಎಂಬಿ ತೋರಿಸುವುದು ಅದು ಮಡಚಿಟ್ಟ ಸೀರೆಯಾದ್ದರಿಂದ. ತಿದ್ದಲು ತೆರೆದರೆ ಪೂರ್ತಿ ಹರಡಿಕೊಳ್ಳುತ್ತದೆ. ಬಣ್ಣದ ಸೂಕ್ಷ್ಮತೆಗಾಗಿ 16 ಬಿಟ್ ಆರಿಸಿದರೆ 207 ಎಂಬಿ. ತಿದ್ದಿದ ಐದು ಪದರಗಳನ್ನು ಸೇರಿಸಿದರೆ 1.2 ಜಿಬಿ ದಾಟುತ್ತದೆ. ಸಣ್ಣ ಕುಂಚದ ತಿದ್ದುಪಡಿಗೆ ಜಾಗ ಹೆಚ್ಚು ಬೇಡ, ಬದಲಾದ ಚೌಕಗಳನ್ನಷ್ಟೇ ಇಟ್ಟರೆ ಸಾಕು. ಆದರೆ ಇಡೀ ಚಿತ್ರಕ್ಕೆ ಒಂದು ಫಿಲ್ಟರ್ ಹಾಕಿದರೆ ಎಲ್ಲ ಚೌಕಗಳೂ ಬದಲಾಗುತ್ತವೆ. ಅಂಥ ಹತ್ತು ಹೆಜ್ಜೆಗೆ ಮತ್ತೆ 2 ಜಿಬಿ. ಒಂದು ಅಜ್ಜನ ಮುಖಕ್ಕೆ ಸ್ಥೂಲವಾಗಿ 3 ಜಿಬಿ ಕಚ್ಚಾ ಹಾಳೆ!

ಜಾಗ ಬಿಡಿಸುವ ಬಗೆ

ಸಂದೇಶ ಬಂದ ಕೂಡಲೇ ತಂತ್ರಾಂಶವನ್ನು ಮುಚ್ಚಬಾರದು. ಎರಡು ದಿನದ ಕೆಲಸ ಅಲ್ಲಿದೆ. ಚಿತ್ರ ಸರಿಯಾಗಿದೆ, ಹಿಂದೆ ಹೋಗಬೇಕಿಲ್ಲ ಎಂದಾದರೆ 'ಎಡಿಟ್' ಪಟ್ಟಿಯ 'ಪರ್ಜ್' ಆಯ್ಕೆಯಿಂದ ಹಿಸ್ಟರಿಯನ್ನು ಖಾಲಿ ಮಾಡಬಹುದು. ಒಮ್ಮೆ ಖಾಲಿ ಮಾಡಿದ್ದು ಮರಳಿ ಬರುವುದಿಲ್ಲ. ಕಂಪ್ಯೂಟರಿನ ಕಸದಬುಟ್ಟಿಯನ್ನೂ ಬರಿದು ಮಾಡಬೇಕು. ಬುಟ್ಟಿಯಲ್ಲಿರುವವರೆಗೆ ಅಳಿಸಿದ ಕಡತವೂ ಜಾಗ ಹಿಡಿದಿರುತ್ತದೆ. ಬಳಿಕ ಚಿತ್ರವನ್ನು ಬೇರೊಂದು ಡಿಸ್ಕಿನಲ್ಲಿ ಬೇರೆ ಹೆಸರಿನಿಂದ ಉಳಿಸಿಕೊಳ್ಳಬೇಕು.

ಕತ್ತರಿಸುವ 'ಕ್ರಾಪ್' ಸಾಧನ ಬಳಸುವಾಗಲೇ ಸಂದೇಶ ಬಂದರೆ ಅಳತೆಯ ಮಾನವನ್ನು ನೋಡಿ. 100 ಪಿಕ್ಸೆಲ್ ಎನ್ನುವಲ್ಲಿ 100 ಇಂಚು ಎಂದಿದ್ದರೆ, ಇಂಚಿಗೆ 300 ಚುಕ್ಕಿಯಂತೆ 30,000 × 30,000 ಪಿಕ್ಸೆಲ್, ಅಂದರೆ 2.7 ಜಿಬಿಯ ಚಿತ್ರವನ್ನು ನಾವೇ ಕೇಳಿದಂತಾಗುತ್ತದೆ.

ಇನ್ನೊಂದು ಕಾರಣ ನಮ್ಮ ಊರುಗಳಿಗೆ ಚಿರಪರಿಚಿತ. ಕೆಲಸದ ನಡುವೆ ವಿದ್ಯುತ್ ಹೋದರೆ ತಂತ್ರಾಂಶಕ್ಕೆ ತನ್ನ ಕಚ್ಚಾ ಹಾಳೆ ಅಳಿಸಲು ಸಮಯ ಸಿಗುವುದಿಲ್ಲ. 'ಫೋಟೋಶಾಪ್ ಟೆಂಪ್' ಎಂದು ಶುರುವಾಗುವ ಹೆಸರಿನ ಕಡತಗಳು ಅನಾಥವಾಗಿ ಉಳಿದುಬಿಡಬಹುದು. ತಂತ್ರಾಂಶವನ್ನು ಮುಚ್ಚಿದ ಮೇಲೆ ಇವನ್ನು ಧಾರಾಳವಾಗಿ ಅಳಿಸಬಹುದು.

ಕಾಯಂ ಪರಿಹಾರವೆಂದರೆ ಕಚ್ಚಾ ಹಾಳೆಯನ್ನು ವಿಂಡೋಸ್ ಇಲ್ಲದ, ಹೆಚ್ಚು ಜಾಗವಿರುವ ವೇಗದ ಡಿಸ್ಕಿಗೆ ಬದಲಾಯಿಸುವುದು. 'ಪ್ರೆಫರೆನ್ಸಸ್' ಒಳಗೆ 'ಸ್ಕ್ರ್ಯಾಚ್ ಡಿಸ್ಕ್ಸ್' ಎಂಬಲ್ಲಿ ಈ ಅವಕಾಶವಿದೆ. ಜಾಗವಿಲ್ಲದೆ ಫೋಟೋಶಾಪ್ ತೆರೆಯುವುದೇ ಇಲ್ಲವೆಂದರೆ, ವಿಂಡೋಸ್‌ನಲ್ಲಿ ಅದು ಶುರುವಾಗುವಾಗ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಡಿಸ್ಕ್ ಆರಿಸಿಕೊಳ್ಳಬಹುದು. ಪೆನ್ ಡ್ರೈವ್ ಈ ಕೆಲಸಕ್ಕೆ ಆಗದು, ಅದು ತೀರ ನಿಧಾನ.

ಅಳಿಸಬಾರದ್ದು ಒಂದಿದೆ: ಮೂಲ ಸ್ಕ್ಯಾನ್. ಕಚ್ಚಾ ಲೆಕ್ಕವನ್ನು ಮತ್ತೆ ಮಾಡಬಹುದು, ತಿದ್ದಿದ ಹುಬ್ಬನ್ನು ಇನ್ನೊಮ್ಮೆ ತಿದ್ದಬಹುದು. ಗೆದ್ದಲು ಹಿಡಿದ ಆ ಕಾಗದ ಮಾತ್ರ ಮುಂದಿನ ಮಳೆಗಾಲದವರೆಗೆ ಉಳಿದೀತೆಂಬ ಭರವಸೆಯಿಲ್ಲ.